ತಂತಿಯಿಲ್ಲದ ಪ್ರಿಂಟರು ಮತ್ತು ಮಲೆನಾಡಿನ ಗೋಡೆ



ಕಳೆದ ಮುಂಗಾರಿಗೆ ಮೊದಲು ನಮ್ಮ ಸಂಘದಿಂದ ತಮಗೆಲ್ಲ ಒಂದು ಸುತ್ತೋಲೆ ಬಂದದ್ದು ನೆನಪಿರಬಹುದು. ಲೆಕ್ಕದ ತಖ್ತೆ, ಸಾಲ ನವೀಕರಣದ ಅರ್ಜಿ, ಅದರೊಡನೆ ಲಗತ್ತಿಸಬೇಕಾದ ಒಪ್ಪಿಗೆ ಪತ್ರ ಇವನ್ನೆಲ್ಲ ಇನ್ನು ಅಂಚೆಯಲ್ಲಿ ಕಳಿಸುವುದಿಲ್ಲ, ತಮ್ಮ ಫೋನಿಗೇ ಕಳಿಸುತ್ತೇವೆ, "ಮನೆಯಲ್ಲಿಯೇ ಮುದ್ರಿಸಿ ಸಹಿ ಮಾಡಿ ತಲುಪಿಸತಕ್ಕದ್ದು" ಎಂದು ಅದರಲ್ಲಿತ್ತು. ಆ ವಾಕ್ಯ ಬರೆದವರು ನಾವೇ. ಅಂಚೆ ಖರ್ಚು ಉಳಿಯಿತು, ಲಕೋಟೆಗೆ ಅಂಟು ಹಚ್ಚುವ ಕೆಲಸ ತಪ್ಪಿತು ಎಂದು ಕಛೇರಿಯಲ್ಲಿ ಎಲ್ಲರಿಗೂ ಸಂತೋಷವಾಗಿತ್ತು.

ಜುಲೈ ತಿಂಗಳ ಒಂದು ಬೆಳಿಗ್ಗೆ, ಬಿಡದೆ ಸುರಿಯುವ ಮಳೆಯಲ್ಲಿ, ನಮ್ಮ ಹಿರಿಯ ಸದಸ್ಯರೊಬ್ಬರು ಕಛೇರಿಗೆ ಬಂದರು. ವಯಸ್ಸು 74. ಮನೆಯಲ್ಲಿ ಅವರು ಮತ್ತು ಅವರ ಹೆಂಡತಿ ಇಬ್ಬರೇ, ಮಗ ಬೆಂಗಳೂರಿನಲ್ಲಿ. ಕೊಡೆಯನ್ನು ಬಾಗಿಲಿಗೆ ಆನಿಸಿದವರು ಕುರ್ಚಿಯಲ್ಲಿ ಕೂರಲೇ ಇಲ್ಲ.

"ಎಂತ ಸೆಕ್ರೆಟರಿಗಳೇ, ಮನೆಯಲ್ಲೇ ಮುದ್ರಿಸಿ ಅಂತ ಬರೆದು ಕೂತ್ಕೊಂಡ್ರಲ್ಲ, ನಿಮ್ಮ ಮನೇಲಿ ಆಗ್ತದಾ ಒಂದು ಸಲ ನೋಡಿದ್ದೀರಾ ಮಾರಾಯ್ರೇ?"

ವಿಷಯ ಇಷ್ಟು. ಸಾಲ ಮರುಪಾವತಿ ಮಾಡಿ ನವೀಕರಿಸಿಕೊಳ್ಳಲು ಅವರಿಗಿದ್ದ ಕಡೆಯ ದಿನಕ್ಕೆ ಇನ್ನು ಎರಡೇ ದಿನ ಉಳಿದಿತ್ತು. ಅದು ತಪ್ಪಿದರೆ ಸಕಾಲದಲ್ಲಿ ತೀರಿಸಿದವರಿಗೆ ಸಿಗುವ ಬಡ್ಡಿ ರಿಯಾಯತಿ ಹೋಗುತ್ತದೆ. ಮಗ ಕೊಡಿಸಿದ ಪ್ರಿಂಟರು ಮನೆಯಲ್ಲಿದೆ, ಆದರೆ ಮೇ ತಿಂಗಳ ಸಿಡಿಲಿನ ನಂತರ ಅದು ಮಾತಾಡುತ್ತಿಲ್ಲ. ಹನ್ನೊಂದು ಕಿಲೋಮೀಟರು ದೂರದ ಪೇಟೆಗೆ ಮೊದಲನೆಯ ದಿನ ಹೋದರೆ ಕರೆಂಟಿಲ್ಲ. ಎರಡನೆಯ ದಿನ ಅಂಗಡಿಯ ಹುಡುಗ ಮುದ್ರಿಸಿಕೊಟ್ಟ ಹಾಳೆಯಲ್ಲಿ ಕೆಳಗಿನ ಸಹಿಯ ಜಾಗವೇ ಕತ್ತರಿಸಿ ಹೋಗಿತ್ತು. ಮೂರನೆಯ ದಿನ ನಮ್ಮಲ್ಲಿಗೇ ಬಂದಿದ್ದರು. ಎರಡು ಹಾಳೆ ಕಾಗದಕ್ಕೆ ಮೂರು ಪ್ರಯಾಣ.

ಕಛೇರಿಯಲ್ಲೇ ಮುದ್ರಿಸಿ, ಸಹಿ ಪಡೆದು, ಕಾಫಿ ಕುಡಿಸಿ ಕಳಿಸಿದೆವು. ಆದರೆ ಅವರ ಪ್ರಶ್ನೆ ಮಾತ್ರ ನಮ್ಮೊಡನೆಯೇ ಉಳಿಯಿತು. ನಿಜ ಹೇಳಬೇಕೆಂದರೆ ನಮ್ಮ ಮನೆಯಲ್ಲಿಯೂ ಒಂದು ಪ್ರಿಂಟರು ಇತ್ತು. ಕಛೇರಿಯದು ತಂತಿಯಲ್ಲಿ ಕಂಪ್ಯೂಟರಿಗೆ ಸೇರಿಸಿದ್ದು, ಅದರ ಗೊಡವೆಯೇ ಬೇರೆ. ಮನೆಯದು ವೈ-ಫೈಯಲ್ಲಿ ನಡೆಯುವಂಥದ್ದೆಂದು ಅಂಗಡಿಯವರು ಹೇಳಿ ಕೊಟ್ಟಿದ್ದರು. ತಂದ ದಿನದಿಂದ ಅದರ ಮೇಲೆ ಒಂದು ಟವೆಲು ಹೊದಿಸಿ ಇಟ್ಟಿದ್ದೆವು.

ಆ ಸಂಜೆಯೇ ಟವೆಲು ತೆಗೆದೆವು. ಮುಂದಿನ ಮೂರು ಸಂಜೆ ನಾವು ಪಟ್ಟ ಪಾಡನ್ನು ಇಲ್ಲಿ ಬರೆಯುವುದು, ತಮಗೆ ಅಷ್ಟು ಪಾಡು ಬೇಡವೆಂದು.

ಮೊದಲು ಒಳಗಿನ ವ್ಯವಹಾರ ತಿಳಿದುಕೊಂಡರೆ ಅರ್ಧ ಕೆಲಸ ಸುಲಭ. ಮನೆಗೆ ಬಂದ ಕೇಬಲ್ಲಿನ ತುದಿಯಲ್ಲಿರುವ ರೌಟರನ್ನು ಊರಿನ ಅಂಚೆ ಕಛೇರಿಯೆಂದು ತಿಳಿಯಿರಿ. ಫೋನು, ಕಂಪ್ಯೂಟರು, ಪ್ರಿಂಟರು ಇವು ಆ ಊರಿನ ಮನೆಗಳು. ಫೋನಿನಿಂದ ಹೊರಟ ಕಾಗದ ನೇರ ಪ್ರಿಂಟರಿಗೆ ಹೋಗುವುದಿಲ್ಲ, ರೌಟರಿಗೆ ಹೋಗಿ ಅಲ್ಲಿಂದ ಪ್ರಿಂಟರಿಗೆ ಬಟವಾಡೆಯಾಗುತ್ತದೆ. ಇದಕ್ಕೆ ಪ್ರಿಂಟರಿಗೆ ಮೂರು ಸಂಗತಿ ಬೇಕು. ಊರಿನ ಹೆಸರು, ಅಂದರೆ ನಮ್ಮ ವೈ-ಫೈಯ ಹೆಸರು. ಊರೊಳಗೆ ಬರಲು ಗುಟ್ಟಿನ ಮಾತು, ಅಂದರೆ ಪಾಸ್‌ವರ್ಡು. ಒಳಗೆ ಬಂದ ಮೇಲೆ ಒಂದು ಮನೆ ನಂಬರು, ಇದನ್ನು ರೌಟರೇ ಕೊಡುತ್ತದೆ. ಇದಕ್ಕೆ ಐ.ಪಿ. ವಿಳಾಸ ಎನ್ನುತ್ತಾರೆ, 192.168.1.9 ಎಂಬಂತೆ ನಾಲ್ಕು ತುಂಡಿನ ಅಂಕಿ. ನಾವು ಕಂಡ ತೊಂದರೆಗಳೆಲ್ಲ ಈ ಮೂರರಲ್ಲಿ ಒಂದು ತಪ್ಪಿದ್ದರಿಂದಲೇ ಬಂದವು.

ಇಲ್ಲಿ ಒಂದು ಮಾತು ನೆನಪಾಗುತ್ತದೆ. ನಮ್ಮ ತಂದೆಯವರ ಕಾಲದಲ್ಲಿ ಮನೆಯ ರೇಡಿಯೋ ಕೇಳುವುದಕ್ಕೂ ಅಂಚೆ ಕಛೇರಿಯಲ್ಲಿ ಹಣ ಕಟ್ಟಿ ಲೈಸೆನ್ಸು ಪುಸ್ತಕಕ್ಕೆ ಮೊಹರು ಹಾಕಿಸಿಕೊಳ್ಳಬೇಕಿತ್ತು. ವೈ-ಫೈ ಕೂಡ ರೇಡಿಯೋವೇ, ಅದೂ ಕೇಳುವುದಷ್ಟೇ ಅಲ್ಲ, ಪ್ರಸಾರ ಮಾಡುವಂಥದ್ದು. 2005ರಲ್ಲಿ ಭಾರತ ಸರಕಾರವು 2.4 ಗಿಗಾಹರ್ಟ್ಸ್ ತರಂಗಪಟ್ಟಿಯಲ್ಲಿ ಕಡಿಮೆ ಶಕ್ತಿಯ ಉಪಕರಣಗಳಿಗೆ ಲೈಸೆನ್ಸು ಬೇಡವೆಂದು ನಿಯಮ ಹೊರಡಿಸಿತು. ಅದರಿಂದಲೇ ಇಂದು ನಮ್ಮ ಜಗಲಿಯಲ್ಲಿ ಯಾವ ಮೊಹರೂ ಇಲ್ಲದೆ ಒಂದು ಸಣ್ಣ ಪ್ರಸಾರ ಕೇಂದ್ರ ನಡೆಯುತ್ತಿದೆ.

ಈ 2.4ರ ವಿಚಾರವೇ ನಮ್ಮನ್ನು ಎರಡು ಸಂಜೆ ಕಾಡಿದ್ದು. ಈಗಿನ ರೌಟರುಗಳು ಎರಡು ತರಂಗಪಟ್ಟಿಯಲ್ಲಿ ಮಾತಾಡುತ್ತವೆ, 2.4 ಮತ್ತು 5 ಗಿಗಾಹರ್ಟ್ಸ್. ಐದರದು ವೇಗ ಹೆಚ್ಚು, ಆದರೆ ಗೋಡೆ ದಾಟುವ ತ್ರಾಣ ಕಡಿಮೆ. 2.4ರದು ವೇಗ ಕಡಿಮೆಯಾದರೂ ಗೋಡೆಯಾಚೆ ಹೋಗುತ್ತದೆ. ಕಡಿಮೆ ಬೆಲೆಯ ಮನೆಬಳಕೆಯ ಪ್ರಿಂಟರುಗಳಲ್ಲಿ ಬಹಳಷ್ಟಕ್ಕೆ 2.4 ಮಾತ್ರ ಕೇಳಿಸುತ್ತದೆ, ಐದು ಎಂಬುದೊಂದು ಇದೆಯೆಂದೇ ಅವಕ್ಕೆ ಗೊತ್ತಿಲ್ಲ. ನಮ್ಮ ರೌಟರು ಎರಡಕ್ಕೂ ಒಂದೇ ಹೆಸರು ಇಟ್ಟುಕೊಂಡಿತ್ತು. ನಮ್ಮ ಫೋನು ಐದರಲ್ಲಿ ಕೂತು, "ಪ್ರಿಂಟರನ್ನೂ ಇಲ್ಲಿಗೇ ಕರೆಯಿರಿ" ಎಂದು ಕರೆಯುತ್ತಿತ್ತು. ಪ್ರಿಂಟರಿಗೆ ಅದು ಕೇಳಿಸುತ್ತಿರಲಿಲ್ಲ. ಅದರ ನೀಲಿ ದೀಪ ಮಿಣುಕುತ್ತಲೇ ಇತ್ತು. ನಾವು ಪಾಸ್‌ವರ್ಡು ತಪ್ಪಾಯಿತೇನೋ ಎಂದು ಹದಿನೈದು ಸಲ ಒತ್ತಿದೆವು.

ಮೈಸೂರಿನಲ್ಲಿರುವ ನಮ್ಮ ಮಗಳು ಫೋನಿನಲ್ಲಿ ಕೇಳಿದಳು, "ಅಪ್ಪಯ್ಯ, ವೈ-ಫೈ ಹೆಸರು ಪಟ್ಟಿಯಲ್ಲಿ ಒಂದು ಕಾಣ್ತದಾ ಎರಡಾ ನೋಡು." ಒಂದೇ ಇತ್ತು. ಅವಳು ಹೇಳಿದಂತೆ ಕಂಪ್ಯೂಟರಿನಲ್ಲಿ 192.168.1.1 ಎಂದು ಒತ್ತಿ ರೌಟರಿನ ಒಳಪುಟಕ್ಕೆ ಹೋದೆವು. ಈ ವಿಳಾಸವೂ, ಅದಕ್ಕೆ ಬೇಕಾದ ಹೆಸರು ಪಾಸ್‌ವರ್ಡುಗಳೂ ಸಾಮಾನ್ಯವಾಗಿ ರೌಟರಿನ ತಳದಲ್ಲಿ ಅಂಟಿಸಿದ ಚೀಟಿಯಲ್ಲಿರುತ್ತವೆ. ಅಲ್ಲಿ ಐದರ ಹೆಸರಿನ ಕೊನೆಗೆ ಒಂದು 5 ಸೇರಿಸಿದೆವು, 2.4ರದನ್ನು ಹಾಗೆಯೇ ಬಿಟ್ಟೆವು. ಈಗ ಎರಡು ಹೆಸರು ಕಂಡವು. ಫೋನನ್ನು ಹಳೆಯ ಹೆಸರಿಗೆ ಸೇರಿಸಿ ಪುನಃ ಪ್ರಯತ್ನಿಸಿದೆವು. ಸೇರಿದ ಮೇಲೆ ಫೋನನ್ನು ಬೇಕಾದರೆ ಐದಕ್ಕೆ ಕಳಿಸಬಹುದು. ಎರಡೂ ಒಂದೇ ರೌಟರಿನ ಕೈಕೆಳಗೆ ಇರುವುದರಿಂದ ಮುದ್ರಣಕ್ಕೆ ಅಡ್ಡಿಯಿಲ್ಲ. ಆದರೆ ಅತಿಥಿಗಳಿಗೆಂದು ಕೆಲವರು ತೆರೆದಿಡುವ ಗೆಸ್ಟ್ ಹೆಸರಿಗೆ ಮಾತ್ರ ಪ್ರಿಂಟರನ್ನು ಸೇರಿಸಬೇಡಿ. ಅಲ್ಲಿ ಸೇರಿದವರು ಮನೆಯವರೊಡನೆ ಮಾತಾಡದಂತೆ ತಡೆ ಇರುತ್ತದೆ.

ಅಷ್ಟಾದರೂ ನಮ್ಮದು ಸೇರಲಿಲ್ಲ. ಕಾರಣ ಎರಡು. ಒಂದು, ಗೋಡೆ. ಕೇಬಲ್ಲಿನ ಹುಡುಗ ತನಗೆ ಅನುಕೂಲವಾದ ಜಗಲಿಯ ಮೂಲೆಯಲ್ಲಿ ರೌಟರು ಹೊಡೆದು ಹೋಗಿದ್ದಾನೆ. ಪ್ರಿಂಟರು ಒಳಕೋಣೆಯಲ್ಲಿ. ನಡುವೆ ಒಂದೂವರೆ ಅಡಿ ದಪ್ಪದ ಜಂಬಿಟ್ಟಿಗೆ ಗೋಡೆ ಎರಡು, ಮೇಲೆ ಒಂದು ಕಬ್ಬಿಣದ ಬೀರು. ಕಬ್ಬಿಣವು ತರಂಗವನ್ನು ದಾಟಗೊಡುವುದಿಲ್ಲ. ಮಳೆಗಾಲದಲ್ಲಿ ನೀರು ಕುಡಿದ ಗೋಡೆಯು ಬೇಸಿಗೆಯ ಗೋಡೆಗಿಂತ ಹೆಚ್ಚು ನುಂಗುತ್ತದೆ. ಪೇಟೆಯ ಆರು ಅಂಗುಲದ ಗೋಡೆಗೆ ಹೇಳಿದ ಲೆಕ್ಕ ನಮ್ಮ ಅಜ್ಜಂದಿರು ಕಟ್ಟಿದ ಮನೆಗೆ ಹೊಂದುವುದಿಲ್ಲ. ಬೀರುವನ್ನು ಸರಿಸಲಾಗದೆ ಪ್ರಿಂಟರನ್ನೇ ಹಜಾರಕ್ಕೆ ತಂದೆವು. ಸುಮ್ಮನೆ ಪರೀಕ್ಷೆಗೆ ಇನ್ನೂ ಒಳ್ಳೆಯ ಉಪಾಯವೆಂದರೆ, ಮೊದಲನೆಯ ಸಲ ಸೇರಿಸುವಾಗ ಪ್ರಿಂಟರನ್ನು ರೌಟರಿನ ಪಕ್ಕದಲ್ಲೇ ಇಟ್ಟುಕೊಳ್ಳುವುದು. ಸೇರಿದ ಮೇಲೆ ಅದರ ಜಾಗಕ್ಕೆ ಒಯ್ದು ನೋಡಿದರೆ ತೊಂದರೆ ಗೋಡೆಯದೋ ಯಂತ್ರದ್ದೋ ಎಂಬುದು ಬಯಲಾಗುತ್ತದೆ.

ಎರಡನೆಯ ಕಾರಣ ನಮ್ಮ ಫೋನಿನ ಅತಿಬುದ್ಧಿ. ಪರದೆಯಿಲ್ಲದ ಪ್ರಿಂಟರುಗಳು ಹೊಂದಿಸುವ ಹೊತ್ತಿನಲ್ಲಿ ತಮ್ಮದೇ ಒಂದು ತಾತ್ಕಾಲಿಕ ವೈ-ಫೈ ಹುಟ್ಟಿಸುತ್ತವೆ. ಫೋನು ಅದಕ್ಕೆ ಸೇರಿ ನಮ್ಮ ಮನೆಯ ಹೆಸರು, ಪಾಸ್‌ವರ್ಡುಗಳನ್ನು ಪ್ರಿಂಟರಿನ ಕಿವಿಗೆ ಹೇಳಬೇಕು. ಆದರೆ ಆ ತಾತ್ಕಾಲಿಕ ವೈ-ಫೈಯಲ್ಲಿ ಇಂಟರ್ನೆಟ್ಟು ಇರುವುದಿಲ್ಲವಾದ್ದರಿಂದ ಫೋನು "ಇಲ್ಲಿ ಏನೂ ಇಲ್ಲ" ಎಂದುಕೊಂಡು ಅರ್ಧದಲ್ಲೇ ಎದ್ದು ಮೊಬೈಲ್ ಡಾಟಾಕ್ಕೆ ಹೋಗಿಬಿಡುತ್ತದೆ. ಆದುದರಿಂದ ಆ ಹತ್ತು ನಿಮಿಷ ಮೊಬೈಲ್ ಡಾಟಾ ಮುಚ್ಚಿಡಬೇಕು. ಪ್ರಿಂಟರಿನ ಆ್ಯಪು "ಲೊಕೇಶನ್" ಕೇಳಿದರೆ ಒಪ್ಪಬೇಕು. ಒಪ್ಪದಿದ್ದರೆ ಸುತ್ತಲಿನ ವೈ-ಫೈಗಳನ್ನು ಹುಡುಕಲು ಎಷ್ಟೋ ಫೋನುಗಳು ಬಿಡುವುದಿಲ್ಲ.

ಮೂರನೆಯ ಸಂಜೆ ಎಂಟೂಕಾಲಕ್ಕೆ ದೀಪ ಮಿಣುಕುವುದು ನಿಂತು ಸ್ಥಿರವಾಯಿತು. ಪ್ರಿಂಟರು ಗೊರಗೊರ ಎಂದು ಒಂದು ಪರೀಕ್ಷಾ ಹಾಳೆ ಕಕ್ಕಿತು. ನಾವು ಅದನ್ನು ಅಡಿಗೆಮನೆಗೆ ಒಯ್ದು ತೋರಿಸಿದೆವು. "ಇಷ್ಟು ಹೊತ್ತಿಗೆ ಕೈಯಲ್ಲೇ ಬರೆದಿದ್ರೆ ಮುಗೀತಿತ್ತಲ್ಲ" ಎಂದು ಅಲ್ಲಿಂದ ಅಭಿಪ್ರಾಯ ಬಂತು.

ಗುಂಡಿ ಒತ್ತಿ ಸೇರಿಸುವ ಇನ್ನೊಂದು ವಿಧಾನವೂ ಇದೆ. ರೌಟರಿನ ಮೇಲೆ ಡಬ್ಲ್ಯೂ.ಪಿ.ಎಸ್. ಎಂಬ ಗುಂಡಿ ಇದ್ದರೆ ಅದನ್ನು ಒತ್ತಿ, ಎರಡು ನಿಮಿಷದೊಳಗೆ ಪ್ರಿಂಟರಿನ ವೈ-ಫೈ ಗುಂಡಿಯನ್ನು ಅದರ ಕೈಪಿಡಿಯಲ್ಲಿ ಹೇಳಿದಷ್ಟು ಹೊತ್ತು ಒತ್ತಿಹಿಡಿದರೆ ಪಾಸ್‌ವರ್ಡಿನ ಗೊಡವೆಯಿಲ್ಲದೆ ಇಬ್ಬರೂ ಪರಿಚಯ ಮಾಡಿಕೊಳ್ಳುತ್ತಾರೆ. ಬಹಳ ಸುಲಭ. ಆದರೆ ಇದರದೇ ಇನ್ನೊಂದು ರೂಪ, ಎಂಟು ಅಂಕಿಯ ಪಿನ್ ಒತ್ತುವುದು, ಭದ್ರವಲ್ಲವೆಂದು 2011ರಲ್ಲಿ ಬಯಲಾಯಿತು. ಆ ಎಂಟು ಅಂಕಿಯನ್ನು ರೌಟರು ಎರಡು ತುಂಡಾಗಿ ಪರೀಕ್ಷಿಸುತ್ತಿದ್ದುದರಿಂದ ಹೆಚ್ಚೆಂದರೆ 11,000 ಪ್ರಯತ್ನದಲ್ಲಿ ಯಾರಾದರೂ ಊಹಿಸಿಬಿಡಬಹುದಿತ್ತು, ಯಂತ್ರಕ್ಕೆ ಅದು ಕೆಲವು ಗಂಟೆಗಳ ಕೆಲಸ. ಗುಂಡಿ ಒತ್ತಿ ಕೆಲಸ ಮುಗಿದ ಮೇಲೆ ರೌಟರಿನ ಒಳಪುಟದಲ್ಲಿ ಡಬ್ಲ್ಯೂ.ಪಿ.ಎಸ್. ಅನ್ನು ಮುಚ್ಚಿಬಿಡುವುದು ಲೇಸು.

ನಮ್ಮ ಗೆಲುವು ನಾಲ್ಕು ದಿನ ಬಾಳಿತು. ಐದನೆಯ ದಿನ ಗಾಳಿಗೆ ಮರ ಬಿದ್ದು ಎಂಟು ಗಂಟೆ ಕರೆಂಟು ಹೋಯಿತು. ಬಂದ ಮೇಲೆ ನೋಡಿದರೆ ಪ್ರಿಂಟರಿನ ದೀಪ ಸ್ಥಿರವಾಗಿಯೇ ಇದೆ, ಕಂಪ್ಯೂಟರು ಮಾತ್ರ "ಆಫ್‌ಲೈನ್" ಎನ್ನುತ್ತದೆ. ಇದು ಮನೆ ನಂಬರಿನ ಗೊಂದಲ. ರೌಟರು ಕೊಡುವ ನಂಬರು ಶಾಶ್ವತವಲ್ಲ, ಗೇಣಿಗೆ ಕೊಟ್ಟಂತೆ. ಕರೆಂಟು ಹೋಗಿ ಬಂದಾಗ ಎಲ್ಲರೂ ಒಮ್ಮೆಗೇ ನಂಬರು ಕೇಳುತ್ತಾರೆ, ಮೊದಲು 9 ಇದ್ದ ಪ್ರಿಂಟರಿಗೆ ಈಗ 4 ಬಂದಿರುತ್ತದೆ. ಕಂಪ್ಯೂಟರು ಹಳೆಯ 9ನೇ ನಂಬರಿನ ಬಾಗಿಲು ತಟ್ಟುತ್ತಾ ಕೂರುತ್ತದೆ. ಮಲೆನಾಡಿನಲ್ಲಿ ದಿನಕ್ಕೆ ನಾಲ್ಕು ಸಲ ಕರೆಂಟು ಹೋಗುವಾಗ ಪ್ರಿಂಟರು ಹಾಳಾಯಿತೆಂದು ಪೇಟೆಗೆ ಹೊತ್ತುಕೊಂಡು ಹೋಗಿ, ಏನೂ ಆಗದ ಯಂತ್ರಕ್ಕೆ ರಿಪೇರಿ ಹಣ ಕೊಟ್ಟು ಬಂದವರು ನಮ್ಮ ಸದಸ್ಯರಲ್ಲಿಯೇ ಇಬ್ಬರಿದ್ದಾರೆ. ಇದನ್ನು ಓದುವಾಗ ಅವರಿಗೆ ಹೊಟ್ಟೆ ಉರಿಯಬಹುದು.

ಪರಿಹಾರ ಇಷ್ಟೇ. ಪ್ರಿಂಟರಿನ ಮೆನುವಿನಿಂದಲೋ ಗುಂಡಿ ಒತ್ತಿಹಿಡಿದೋ ಅದರ ನೆಟ್‌ವರ್ಕ್ ವಿವರದ ಹಾಳೆಯನ್ನು ಮುದ್ರಿಸಿಕೊಳ್ಳಬೇಕು. ಅದರಲ್ಲಿ ಮ್ಯಾಕ್ ವಿಳಾಸವೆಂದು ಹನ್ನೆರಡು ಅಕ್ಷರ ಮತ್ತು ಅಂಕಿಗಳ ಸಾಲೊಂದಿರುತ್ತದೆ, ಅದು ಯಂತ್ರದ ಹುಟ್ಟು ನಂಬರು, ಕರೆಂಟು ಹೋದರೆ ಬದಲಾಗುವುದಿಲ್ಲ. ರೌಟರಿನ ಒಳಪುಟದಲ್ಲಿ "ಅಡ್ರೆಸ್ ರಿಸರ್ವೇಶನ್" ಎಂಬಲ್ಲಿ ಈ ಹುಟ್ಟು ನಂಬರಿಗೆ ಇಂಥದೇ ಮನೆ ನಂಬರು ಎಂದು ಬರೆದಿಟ್ಟರೆ ಅದು ಖಾಯಂ. ಆಮೇಲೆ ಕಂಪ್ಯೂಟರಿನಲ್ಲಿ ಹಳೆಯ ಪ್ರಿಂಟರನ್ನು ತೆಗೆದುಹಾಕಿ, ಹೊಸದಾಗಿ ಆ ವಿಳಾಸವನ್ನೇ ಒತ್ತಿ ಸೇರಿಸಬೇಕು. ನಾವು ಹೀಗೆ ಮಾಡಿದ ಮೇಲೆ ಇಂದಿನವರೆಗೆ "ಆಫ್‌ಲೈನ್" ಕಂಡಿಲ್ಲ. ಆ ಹಾಳೆಯಲ್ಲಿ ವಿಳಾಸವು 169.254 ಎಂದು ಆರಂಭವಾಗಿದ್ದರೆ ಮಾತ್ರ ವಿಷಯ ಬೇರೆ, ಪ್ರಿಂಟರಿಗೆ ರೌಟರಿನಿಂದ ನಂಬರೇ ಸಿಕ್ಕಿಲ್ಲ ಎಂದರ್ಥ. ಆಗ ಎರಡನ್ನೂ ಆರಿಸಿ, ಮೊದಲು ರೌಟರು ಹಾಕಿ, ಅದರ ದೀಪಗಳೆಲ್ಲ ನೆಲೆಗೊಂಡ ಮೇಲೆ ಪ್ರಿಂಟರು ಹಾಕಬೇಕು. ಬೋರ್ಡೋ ಕಾಯಿಸುವವರಿಗೆ, ಕ್ಷಮಿಸಿ, ಕಲಸುವವರಿಗೆ, ಯಾವುದಕ್ಕೆ ಯಾವುದನ್ನು ಹೊಯ್ಯಬೇಕೆಂಬ ಕ್ರಮದ ಬೆಲೆ ಹೇಳಿಕೊಡಬೇಕಾಗಿಲ್ಲ.

ಇಷ್ಟು ವಿದ್ಯೆ ಕೈಗೆ ಬಂದ ಮೇಲೆ ಒಂದು ಭಾನುವಾರ ಆ ಹಿರಿಯರ ಮನೆಗೆ ಹೋದೆವು. ಅವರಿಗೆ ನಮ್ಮ ಮೇಲೆ ನಂಬಿಕೆಯೇನೂ ಇದ್ದಂತೆ ಕಾಣಲಿಲ್ಲ, ಆದರೂ ಹಲಸಿನ ಹಪ್ಪಳ ಕರಿಸಿದರು. ಅಲ್ಲಿನ ಸಂಗತಿ ನಮ್ಮ ಮನೆಯದಕ್ಕಿಂತ ಬೇರೆ. ಸಿಡಿಲಿಗೆ ಹಳೆಯ ರೌಟರು ಸುಟ್ಟು ಕೇಬಲ್ಲಿನವರು ಹೊಸದನ್ನು ಕೊಟ್ಟಿದ್ದರು. ಹೊಸದಕ್ಕೆ ಹೊಸ ಹೆಸರು, ಹೊಸ ಪಾಸ್‌ವರ್ಡು. ಪ್ರಿಂಟರು ಇನ್ನೂ ಹಳೆಯ ಊರಿನ ಹೆಸರನ್ನೇ ಹಿಡಿದು ಎರಡು ತಿಂಗಳಿನಿಂದ ದೀಪ ಮಿಣುಕಿಸುತ್ತಾ ಕೂತಿತ್ತು. ಪರದೆಯಿಲ್ಲದ ಯಂತ್ರ, ಅವರ ಫೋನಿನಲ್ಲಿ ಆ್ಯಪಿಗೆ ಜಾಗವಿಲ್ಲ.

ಇಂಥಲ್ಲಿ ಪ್ರಿಂಟರನ್ನು ಮುಟ್ಟದೆಯೇ ಕೆಲಸ ಮುಗಿಸಬಹುದು. ಹೊಸ ರೌಟರಿಗೆ ಹಳೆಯ ರೌಟರಿನ ಹೆಸರನ್ನೂ ಪಾಸ್‌ವರ್ಡನ್ನೂ ಇಟ್ಟುಬಿಟ್ಟರೆ ಸಾಕು, ಹಳಬರೆಲ್ಲ ತಾವಾಗಿಯೇ ಬಂದು ಸೇರುತ್ತಾರೆ. ಆದರೆ ಹಳೆಯದು ಏನಿತ್ತು? ಮಗನಿಗೆ ಫೋನು ಮಾಡಿದರೆ ಅವನಿಗೂ ಮರೆತಿತ್ತು. ಸುಟ್ಟ ರೌಟರನ್ನು ಕೇಬಲ್ಲಿನವರು ಒಯ್ದಿದ್ದರು. ನಾವು ಕೈಚೆಲ್ಲುವ ಹೊತ್ತಿಗೆ ಮನೆಯ ಹಿರಿಯಮ್ಮನವರು ಬಾಗಿಲಲ್ಲಿ ನಿಂತು, "ಅವನು ಆವತ್ತು ದೀಪಾವಳಿಗೆ ಬಂದಾಗ ಪಂಚಾಂಗದಲ್ಲಿ ಎಂತದೋ ಇಂಗ್ಲಿಷಿನಲ್ಲಿ ಬರ್ದಿದ್ದ" ಎಂದರು. ದೇವರ ಮನೆಯ ಹಲಗೆಯ ಮೇಲೆ ಹಿಂದಿನ ವರ್ಷಗಳ ಪಂಚಾಂಗಗಳೆಲ್ಲ ಒಂದರ ಮೇಲೊಂದು ಇದ್ದವು. ಎರಡು ವರ್ಷ ಹಿಂದಿನದರ ಕೊನೆಯ ಹಾಳೆಯಲ್ಲಿ, ಅಡಿಕೆ ಕೊಯ್ಲಿನ ಲೆಕ್ಕದ ಪಕ್ಕದಲ್ಲಿ, ಎರಡು ಸಾಲು ಸಿಕ್ಕಿತು.

ಅದನ್ನು ಅಕ್ಷರ ಬಿಡದೆ ರೌಟರಿಗೆ ಕೊಟ್ಟೆವು. ದೊಡ್ಡ ಅಕ್ಷರ, ಸಣ್ಣ ಅಕ್ಷರ, ನಡುವಿನ ಖಾಲಿ ಜಾಗ ಎಲ್ಲವೂ ಹಿಂದಿನಂತೆಯೇ ಇರಬೇಕು. ಆದರೂ ದೀಪ ನಿಲ್ಲಲಿಲ್ಲ. ಹೊಸ ರೌಟರಿನಲ್ಲಿ ಭದ್ರತೆಯ ವಿಧಾನವು ಡಬ್ಲ್ಯೂ.ಪಿ.ಎ. 3 ಎಂದಿತ್ತು. ಇದು 2018ರಲ್ಲಿ ಬಂದದ್ದು, ಅದಕ್ಕೂ ಹಿಂದಿನ ವಿನ್ಯಾಸದ ಪ್ರಿಂಟರಿಗೆ ಅರ್ಥವಾಗದು. ಅದನ್ನು ಡಬ್ಲ್ಯೂ.ಪಿ.ಎ. 2 ಮತ್ತು 3 ಎರಡೂ ನಡೆಯುವಂತೆ ಬದಲಿಸಿದೆವು. ಒಂದು ನಿಮಿಷವೂ ಆಗಿರಲಿಲ್ಲ, ದೀಪ ನಿಂತಿತು. ಹಿರಿಯರು ಫೋನಿನಿಂದ ತಾವೇ ಒತ್ತಿ ಹೊರತೆಗೆದ ಮೊದಲ ಹಾಳೆ, ನಮ್ಮ ಸುತ್ತೋಲೆಯೇ. ಅದನ್ನು ಓದಿ, "ತಲುಪಿಸತಕ್ಕದ್ದು" ಎಂಬಲ್ಲಿ ಬೆರಳಿಟ್ಟು ನಮ್ಮ ಮುಖ ನೋಡಿದರು.

ಅವಸರಕ್ಕೆ ಇನ್ನೊಂದು ದಾರಿಯಿದೆ, ಅಂದೇ ತಿಳಿದಿದ್ದರೆ ಅವರ ಮೂರು ಪ್ರಯಾಣ ತಪ್ಪುತ್ತಿತ್ತು. ಬಹಳಷ್ಟು ಪ್ರಿಂಟರುಗಳಲ್ಲಿ ವೈ-ಫೈ ಡೈರೆಕ್ಟ್ ಎಂಬುದಿರುತ್ತದೆ. ರೌಟರು ಸತ್ತಿದ್ದರೂ ಫೋನು ನೇರವಾಗಿ ಪ್ರಿಂಟರಿಗೆ ಸೇರಿ ಮುದ್ರಿಸಬಹುದು. ಅದರ ಹೆಸರು, ಪಾಸ್‌ವರ್ಡುಗಳು ಮೇಲೆ ಹೇಳಿದ ವಿವರದ ಹಾಳೆಯಲ್ಲಿಯೇ ಸಾಮಾನ್ಯವಾಗಿ ಇರುತ್ತವೆ. ಅದೂ ಆಗದಿದ್ದರೆ ಯು.ಎಸ್.ಬಿ. ತಂತಿಯನ್ನು ಕಂಪ್ಯೂಟರಿಗೆ ಚುಚ್ಚಿ ಮುಗಿಸಿ, ಅದರಲ್ಲಿ ನಾಚಿಕೆಯೇನಿಲ್ಲ. ಕಣದ ಆಚೆಯ ಗೋದಾಮಿನಲ್ಲಿ ಪ್ರಿಂಟರು ಬೇಕೆನ್ನುವವರು ವೈ-ಫೈಯನ್ನು ನಂಬಬೇಡಿ. ನೆಟ್‌ವರ್ಕ್ ಕೇಬಲ್ಲು 100 ಮೀಟರಿನವರೆಗೆ ಎಳೆಯಬಹುದು, ಹಾಗೆ ಚುಚ್ಚುವ ಜಾಗವಿರುವ ಪ್ರಿಂಟರನ್ನು ನೋಡಿ ಕೊಳ್ಳಬೇಕು.

ಮಳೆಗಾಲದ ಎರಡು ಮಾತು. ಗಾಜಿನ ಎಳೆಯ ಕೇಬಲ್ಲಿಗಿಂತ ವಿದ್ಯುತ್ ತಂತಿಯ ದಾರಿಯಲ್ಲೇ ಸಿಡಿಲಿನ ಪೆಟ್ಟು ಹೆಚ್ಚಾಗಿ ಬರುವುದು, ಗುಡುಗು ಕೇಳಿದೊಡನೆ ರೌಟರಿನ ಪ್ಲಗ್ಗು ಕೀಳಿ. ಶಾಯಿಯ ಪ್ರಿಂಟರನ್ನು ಗೋಡೆಯ ಸ್ವಿಚ್ಚಿನಲ್ಲಿ ಆರಿಸದೆ ಅದರದೇ ಗುಂಡಿಯಲ್ಲಿ ಆರಿಸಿ, ಆಗ ಅದು ತನ್ನ ಶಾಯಿಯ ಬಾಯಿಗೆ ಮುಚ್ಚಳ ಹಾಕಿಕೊಂಡು ಮಲಗುತ್ತದೆ. ವಾರಕ್ಕೊಂದು ಬಣ್ಣದ ಹಾಳೆ ತೆಗೆಯದಿದ್ದರೆ ಶಾಯಿ ಒಣಗಿ ಕಟ್ಟುತ್ತದೆ. ಲೇಸರ್ ಪ್ರಿಂಟರಿನಲ್ಲಿ ಕಾಯುವ ಭಾಗವೊಂದಿದ್ದು ಒಮ್ಮೆಗೇ ಹೆಚ್ಚು ಕರೆಂಟು ಎಳೆಯುವುದರಿಂದ ಅದನ್ನು ಸಣ್ಣ ಯು.ಪಿ.ಎಸ್.ಗೆ ಸೇರಿಸಬಾರದು. ಆಷಾಢದಲ್ಲಿ ಕಾಗದ ತಂಪು ಹೀರಿ ಸುರುಳಿಯಾಗಿ ಸಿಕ್ಕಿಹಾಕಿಕೊಳ್ಳುತ್ತದೆ. ಬೇಕಾದಷ್ಟು ಹಾಳೆ ತೆಗೆದು ಉಳಿದ ಕಟ್ಟನ್ನು ಪ್ಲಾಸ್ಟಿಕ್ಕಿನಲ್ಲಿ ಬಿಗಿದಿಡಿ. ನಾವು ಮೆಣಸಿನ ಡಬ್ಬದಲ್ಲಿಟ್ಟು, ಅರ್ಜಿಗಳಿಗೆಲ್ಲ ಮೆಣಸಿನ ಘಮ ಬಂದದ್ದುಂಟು.

ಆ ಸುತ್ತೋಲೆಯ ವಾಕ್ಯವನ್ನು ಆಡಳಿತ ಮಂಡಳಿಯ ಒಪ್ಪಿಗೆ ಪಡೆದು ತಿದ್ದಿದ್ದೇವೆ. ಮನೆಯಲ್ಲಿ ಮುದ್ರಿಸಲಾಗದವರು ಫೋನು ಮಾಡಿ ತಿಳಿಸಿದರೆ ಹಿಂದಿನಂತೆ ಅಂಚೆಯಲ್ಲಿಯೇ ಕಳಿಸಲಾಗುವುದು. ಸ್ವತಃ ಹೊಂದಿಸಿಕೊಳ್ಳಬೇಕೆನ್ನುವವರು ಶನಿವಾರ ಮಧ್ಯಾಹ್ನ ಎರಡರ ಮೇಲೆ ಕಛೇರಿಗೆ ಬರಬಹುದು, ನಾವಿರುತ್ತೇವೆ. ಬರುವಾಗ ಪ್ರಿಂಟರು ಹೊತ್ತು ತರಬೇಡಿ. ಅದರ ವಿವರದ ಹಾಳೆಯನ್ನು, ಮುದ್ರಿಸಲಾಗದಿದ್ದರೆ ಹಿಂಬದಿಯ ಮಾದರಿ ನಂಬರನ್ನು, ಮತ್ತು ರೌಟರಿನ ತಳದ ಚೀಟಿಯನ್ನು ಒಂದು ಕಾಗದದಲ್ಲಿ ಬರೆದುಕೊಂಡು ಬನ್ನಿ. ಹಳೆಯ ಪಂಚಾಂಗಗಳನ್ನೂ ಒಮ್ಮೆ ತಿರುವಿ ನೋಡಿ.